ಅತ್ತೆ ಹಿಡಿದ ಮಾತು

ಇದನ್ನು ನಾನು ಬರೆಯುತ್ತಿದ್ದೇನೆ, ಬಾಯಿಬಿಟ್ಟು ಹೇಳುತ್ತಿಲ್ಲ. ಹೇಳಿದರೆ ಒಳಗೆ ಒಲೆಯ ಮುಂದೆ ಕೂತಿರುವ ನಮ್ಮ ಅತ್ತೆ ಚೆನ್ನಾಜಮ್ಮನವರಿಗೆ ಬಿಕ್ಕಳಿಕೆ ಬರುತ್ತದೆ. ಬಿಕ್ಕಳಿಕೆ ಬಂದರೆ ಅವರು ನನ್ನನ್ನು ಬೈಯುತ್ತಾರೆ. ಬೈಯುವಾಗ ಇನ್ನೊಂದು ಬಂದರೆ ಅದಕ್ಕೂ ನನ್ನನ್ನೇ ಬೈಯುತ್ತಾರೆ. ಬರೆದರೆ ಈ ರಗಳೆ ಇಲ್ಲ. ನಮ್ಮೂರಿನಲ್ಲಿ ಮಾತು ಸದ್ದಾಗಿ ಹೊರಬಿದ್ದರಷ್ಟೇ ಲೆಕ್ಕ, ಕಾಗದದ ಮೇಲೆ ಅದು ಎಷ್ಟು ಬಿದ್ದುಕೊಂಡಿದ್ದರೂ ಯಾರ ಗಂಟಲಿಗೂ ತಾಗುವುದಿಲ್ಲ.

ನಾನು ಈ ಊರಿನವಳಲ್ಲ, ಸೊಸೆಯಾಗಿ ಬಂದವಳು. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ‘ಚಮಚ ಎಲ್ಲಿದೆ’ ಎಂದು ಕೇಳಿದ್ದಕ್ಕೆ ಗೋಡೆಯಾಚೆಯಿಂದ ಯಾರೋ ಮುದುಕರು ಬಿಕ್ಕಳಿಸಿದ ಸದ್ದು ಬಂತು. ‘ಚಮಚ ಅವರ ಮನೇದು’ ಎಂದರು ನನ್ನ ಗಂಡ ಮರಿಸ್ವಾಮಿ, ಪಕ್ಕದ ಮನೆಯ ಹಸುವಿನ ವಿಷಯ ಹೇಳುವ ಹಾಗೆ. ಇಲ್ಲಿ ಪ್ರತಿ ಮಾತಿಗೂ ಒಂದು ಮನೆ ಇದೆ. ಆ ಮಾತನ್ನು ಊರೊಳಗೆ ಯಾರು ಆಡಿದರೂ ಆ ಮನೆಯ ಹಿರಿಯರಿಗೆ ಬಿಕ್ಕಳಿಕೆ. ಆ ಹಿರಿಯರು ತಮ್ಮ ಮಾತನ್ನು ತಾವೇ ಆಡಿಕೊಂಡರೆ ಮಾತ್ರ ಏನೂ ಆಗುವುದಿಲ್ಲ, ಮನೆಯವರು ಆಡಿದರೂ ಬಿಕ್ಕಳಿಕೆಯೇ. ನೀರು, ಅನ್ನ, ಬಾ, ಹೋಗು ಇಂಥವೆಲ್ಲ ಯಾವ ಕಾಲದಿಂದಲೋ ಎಲ್ಲ ಮನೆಗಳಿಗೂ ಹಂಚಿಹೋಗಿರುವುದರಿಂದ ಯಾರಿಗೂ ಅದರ ಭಾರ ಗೊತ್ತಾಗುವುದಿಲ್ಲ. ತಲೆನೋವು ಇರುವುದು ಹೊಸ ಮಾತುಗಳದ್ದು.

ಹೊಸ ಮಾತು ಊರಿಗೆ ಬಂದರೆ ಅದಕ್ಕೆ ಮನೆ ನೋಡಬೇಕು. ಈ ಕೆಲಸ ಚಾವಡಿಯಲ್ಲಿ ಕೂರುವ ಬೆಲ್ಲದ ಪುಟ್ಟಮಾದಪ್ಪನವರದ್ದು. ಒಪ್ಪಿಕೊಂಡ ಮನೆಯ ಹಿರಿಯರ ಅಂಗೈಗೆ ಅವರು ಒಂದು ತುಂಡು ಬೆಲ್ಲ ಇಟ್ಟು, ಕಿವಿಯಲ್ಲಿ ಆ ಮಾತನ್ನು ಹೇಳುತ್ತಾರೆ. ಬೆಲ್ಲ ಬಾಯಿಗೆ ಹೋಯಿತೆಂದರೆ ಮಾತು ಮನೆ ಸೇರಿತು. ಬೆಲ್ಲ ಹಿಡಿಯುವುದು ಎಂದು ಇದಕ್ಕೆ ಹೆಸರು. ಭಾರ ಜಾಸ್ತಿಯಾದರೆ ಬೇರೆ ಮನೆಯವರೂ ಅದೇ ಮಾತಿಗೆ ಬೆಲ್ಲ ಹಿಡಿದು ಪಾಲು ತೆಗೆದುಕೊಳ್ಳಬಹುದು, ಪಾಲಿನ ಬೆಲ್ಲವನ್ನು ಯಾರು ಕೊಟ್ಟರೂ ನಡೆಯುತ್ತದೆ. ‘ಮೊಬೈಲು’ ಬಂದಾಗ ಅದನ್ನು ಹಿಡಿದಿದ್ದ ಮುದುಕರೊಬ್ಬರು ಬಿಕ್ಕಳಿಸಿ ಬಿಕ್ಕಳಿಸಿ ಹಾಸಿಗೆ ಹಿಡಿದರಂತೆ. ಆಮೇಲೆ ಫೋನು ಕೊಂಡವರೆಲ್ಲ ಬೆಲ್ಲ ಹಿಡಿಯಬೇಕೆಂದು ಪುಟ್ಟಮಾದಪ್ಪನವರು ಕಟ್ಟುನಿಟ್ಟು ಮಾಡಿದ ಮೇಲೆ ಆ ಜೀವ ಎದ್ದು ಕೂತಿತಂತೆ.

ಇಷ್ಟೆಲ್ಲ ಕಾಟವಿದ್ದರೂ ಜನಕ್ಕೆ ಒಂದೊಂದು ಮಾತು ತಮ್ಮದೇ ಆಗಿ ಬೇಕು. ಬಿಕ್ಕಳಿಕೆ ಬಂದರೆ ಊರು ತಮ್ಮನ್ನು ನೆನೆಯಿತು ಎಂದು ಅವರಿಗೆ ಸಮಾಧಾನ. ನಮ್ಮ ಮನೆಯ ಮಾತು ‘ಲಾಂದ್ರ’. ಕರೆಂಟು ಬರುವ ಮುಂಚೆ ಸಂಜೆಯಾಯಿತೆಂದರೆ ಊರಿನ ಎಲ್ಲ ಮನೆಗಳಲ್ಲೂ ‘ಲಾಂದ್ರ ಹಚ್ಚು’, ‘ಲಾಂದ್ರ ತಾ’ ಎನ್ನುವ ಕೂಗು. ಆಗ ನಮ್ಮ ಅತ್ತೆಯ ಅತ್ತೆ ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ರಾಣಿಯ ಹಾಗೆ ಬಿಕ್ಕಳಿಸುತ್ತಿದ್ದರಂತೆ. ಆ ಅಜ್ಜಿ ತೀರಿಕೊಂಡು ನಮ್ಮ ಅತ್ತೆ ಮನೆಗೆ ಹಿರಿಯರಾಗುವ ಹೊತ್ತಿಗೆ ಬೀದಿ ಬೀದಿಗೆ ಕಂಬ ನೆಟ್ಟಾಗಿತ್ತು. ಅಷ್ಟು ವರ್ಷ ಕಾದು ಕೂತ ಹೆಂಗಸಿಗೆ ಕೈಗೆ ಬಂದದ್ದು ಯಾರೂ ಆಡದ ಮಾತು. ‘ಎಲ್ರಿಗೂ ಬತ್ತದೆ, ನಂಗೊಂದು ಬರಕಿಲ್ಲ’ ಎಂದು ದಿನಾ ಸಂಜೆ ಗೊಣಗುತ್ತಿದ್ದರು. ಪ್ರತಿ ಸಂಜೆ ಅದೇ ಪುರಾಣ ಕೇಳಿ ನನ್ನ ಕಿವಿ ಸೋತುಹೋಗಿತ್ತು.

ನಾನು ಊರಿನ ಚಿಣ್ಣರ ಶಾಲೆಯ ಮಿಸ್. ಒಂದು ದಿನ ಯಾವುದೋ ಪಟ್ಟಣದ ಟ್ರಸ್ಟಿನವರು ನಮ್ಮ ಶಾಲೆಗೆ ಟ್ಯಾಬ್‌ಗಳನ್ನು ಕಳಿಸಿಕೊಟ್ಟರು. ತೆರೆದರೆ ಒಂದು ಹಸಿರು ಕಪ್ಪೆ. ಅದು ಒಂದು ಇಂಗ್ಲಿಷ್ ಪದ ಹೇಳುತ್ತದೆ, ಪದ ಮಿಣ ಮಿಣ ಎನ್ನುತ್ತದೆ, ಮಗು ನೋಡಿ ಹೇಳಬೇಕು. ಸರಿಯಾದರೆ ಕಪ್ಪೆ ಎಲೆಯಿಂದ ಎಲೆಗೆ ಹಾರಿ ಚಪ್ಪಾಳೆ ತಟ್ಟುತ್ತದೆ. ತಪ್ಪಾದರೆ ‘ಟ್ರೈ ಅಗೇನ್’ ಎಂದು ಮುಖ ಊದಿಸಿಕೊಳ್ಳುತ್ತದೆ. ಪದಗಳೋ, ಪುಸ್ತಕದ ಸಾಲು ಸಾಲಿಗೂ ಬರುವಂಥವು: ದಿ, ಅಂಡ್, ಆಫ್, ಈಸ್, ಸೆಡ್, ಹೀಗೆ. ಇವನ್ನು ಅಕ್ಷರ ಕೂಡಿಸಿ ಓದುವಂತಿಲ್ಲ, ಕಂಡ ಕೂಡಲೇ ಗುರುತು ಹಿಡಿಯಬೇಕು ಎಂದು ಟ್ರಸ್ಟಿನ ಮೇಡಂ ತರಬೇತಿಯಲ್ಲಿ ಹೇಳಿದ್ದರು. ಬೀದಿಯ ಕೊನೆಯಲ್ಲಿ ಅತ್ತೆಯ ಸೆರಗು ಕಂಡರೆ ಸಾಕು, ಸೊಸೆಗೆ ಗೊತ್ತಾಗುತ್ತದಲ್ಲ, ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ.

ಕಪ್ಪೆ ಬಾಯಿ ತೆರೆಯುವ ಮುಂಚೆ ಪದಗಳಿಗೆ ಮನೆ ಆಗಬೇಕಲ್ಲ. ಚಾವಡಿಯಲ್ಲಿ ಸಭೆ ಸೇರಿತು. ಶಾಲಾ ಸಮಿತಿಯ ಅಧ್ಯಕ್ಷರೂ ಅಕ್ಕಿ ಗಿರಣಿಯ ಮಾಲೀಕರೂ ಆದ ಜವರಪ್ಪನವರು ಮುಂದಿನ ಸಾಲಿನಲ್ಲಿ ಕೂತಿದ್ದರು. ‘ಇದರಲ್ಲಿ ಕೆಲವು ತುಂಬಾ ಸಲ ಬರೋ ಪದ ಇವೆ, ಸ್ವಲ್ಪ ಯೋಚನೆ ಮಾಡಿ ಹಂಚಿ’ ಎಂದು ನಾನು ಬಾಯಿ ತೆರೆದೆ.

‘ಮಿಸ್ಸೇ, ನೀವು ಪಾಠ ಮಾಡಿ. ಬೆಲ್ಲ ಹಂಚೋದ ನಮಗೆ ಬುಡಿ’ ಎಂದರು ಜವರಪ್ಪ. ‘ಓದಿ ಹೇಳಿ ನೋಡವ, ಯಾವ್ಯಾವುದು ಚಿಕ್ಕದು ಅಂತ.’

ಓದಿದೆ. ದೊಡ್ಡ ಮನುಷ್ಯರು ಮೊದಲು ಆರಿಸಿಕೊಳ್ಳುವುದು ಇಲ್ಲಿಯ ಪದ್ಧತಿ. ಚಿಕ್ಕ ಮಾತಿಗೆ ಚಿಕ್ಕ ಬಿಕ್ಕಳಿಕೆ ಎಂದು ಲೆಕ್ಕ ಹಾಕಿ ಜವರಪ್ಪನವರು ‘ಅಂಡ್’ ಮತ್ತು ‘ಆಫ್’ ಎರಡಕ್ಕೂ ಬೆಲ್ಲ ಹಿಡಿದು, ಎರಡು ಸೈಟು ಸಿಕ್ಕವರ ಹಾಗೆ ಮೀಸೆ ತಿರುವಿಕೊಂಡರು. ಅವರ ಹಿಂದೆ ಕೂತಿದ್ದ ಸೊಸೈಟಿಯವರು, ಡೈರಿಯವರು ನಾ ಮುಂದು ತಾ ಮುಂದು ಎಂದು ‘ಈಸ್’, ‘ಟು’, ‘ಇನ್’ ಕಿತ್ತುಕೊಂಡರು. ಉದ್ದನೆಯ ‘ಬಿಕಾಸ್’ ಪಾಪ ಟೈಲರ್ ಹುಡುಗನ ತಾಯಿಯ ಪಾಲಿಗೆ ಬಂತು. ಆಕೆ ಅಳುಮುಖ ಮಾಡಿಕೊಂಡು ಬೆಲ್ಲ ನುಂಗಿದಳು. ನನಗೆ ಒಂದು ಕಡೆ ನಗು, ಒಂದು ಕಡೆ ತಲೆ ಚಚ್ಚಿಕೊಳ್ಳುವಷ್ಟು ಕೋಪ. ಹೇಳಿದರೆ ಕೇಳುವ ಜನವೇ ಇವರು?

ಕೊನೆಗೆ ‘ದಿ’ ಉಳಿಯಿತು. ಹಂಗಂದ್ರೇನು ಎಂದು ಪುಟ್ಟಮಾದಪ್ಪನವರು ಕೇಳಿದರು. ಏನೂ ಇಲ್ಲ, ಸುಮ್ಮನೆ ಹಾಗೆ ಮುಂದೆ ಬಂದು ನಿಲ್ಲುತ್ತದೆ ಎಂದೆ. ಬಸ್ಸು ಎಂದರೆ ಬಸ್ಸು, ಚಮಚ ಎಂದರೆ ಚಮಚ. ಏನೂ ಅಲ್ಲದ್ದನ್ನು ಮನೆಗೆ ಸೇರಿಸಿಕೊಳ್ಳುವುದು ಹೇಗೆ ಎಂದು ಎಲ್ಲರೂ ತಲೆ ತಗ್ಗಿಸಿ ಕೂತರು. ಆಗ ಹೆಂಗಸರ ಕಡೆಯಿಂದ ನಮ್ಮ ಅತ್ತೆ ಎದ್ದರು. ಮಂಡಿಯ ಮೇಲೆ ಕೈಯೂರಿಕೊಂಡು ನಡೆದು ಬಂದು ಅಂಗೈ ಚಾಚಿದರು. ನಾನು ಅವರ ಸೆರಗು ಹಿಡಿದೆಳೆದು, ‘ಅತ್ತೆ, ಅದು ಬೇಡ. ಅದೇ ಎಲ್ಲಕ್ಕಿಂತ ಜಾಸ್ತಿ ಬರೋದು’ ಎಂದು ಪಿಸುಗುಟ್ಟಿದೆ.

‘ಅದ್ಕೇ ಕಣೆ ಹಿಡೀತಿರೋದು’ ಎಂದು ಸೆರಗು ಬಿಡಿಸಿಕೊಂಡು ಬೆಲ್ಲ ಬಾಯಿಗೆ ಹಾಕಿಕೊಂಡರು.

ಆ ವಯಸ್ಸಿನಲ್ಲಿ ಏನು ಆಸೆಯಪ್ಪಾ ಇವರಿಗೆ ಎಂದು ನನಗೆ ಮೈಯೆಲ್ಲ ಉರಿಯಿತು. ಮೊದಲ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವರು ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಬಿಕ್ಕಳಿಸಿ ತೋರಿಸುತ್ತಿದ್ದರು. ಎರಡನೆಯ ದಿನವೂ ಜಗಲಿಯ ದರ್ಬಾರು ನಡೆಯಿತು. ಆಮೇಲೆ ಒಳಗೆ ಬಂದು ಮಲಗಿದರು.

ಕಪ್ಪೆಗೆ ದಣಿವು ಎಂಬುದೇ ಇರಲಿಲ್ಲ. ಅದರ ಬಾಯಿಂದ ಬಂದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಚಾವಡಿಯಲ್ಲಿ ವಾದ ನಡೆದಿತ್ತು; ಅತ್ತೆಯ ಗಂಟಲು ಆ ವಾದವನ್ನು ಮುಗಿಸಿತು. ಕಪ್ಪೆ ಹೇಳಿದರೂ ಬಿಕ್ಕಳಿಕೆ, ಮಗು ಹೇಳಿದರೂ ಬಿಕ್ಕಳಿಕೆ. ನಮ್ಮ ಮಕ್ಕಳೋ, ಕಪ್ಪೆ ಹಾರುವುದನ್ನು ನೋಡುವುದಕ್ಕೆಂದೇ ಗೊತ್ತಿರುವ ಪದವನ್ನೇ ಮತ್ತೆ ಮತ್ತೆ ಒತ್ತಿ ಹೇಳುತ್ತಿದ್ದವು. ಮನೆಗೆ ಬಂದರೆ ಅತ್ತೆಯ ತಟ್ಟೆಯಲ್ಲಿ ಕಲಸಿದ ಅನ್ನ ಹಾಗೇ ಇರುತ್ತಿತ್ತು. ತುತ್ತು ಬಾಯಿಗಿಟ್ಟುಕೊಂಡರೆ ಒಂದು ಬಿಕ್ಕಳಿಕೆ, ನೀರು ಕುಡಿದರೆ ಮೂಗಿಗೇರುವ ಬಿಕ್ಕಳಿಕೆ. ಸಂಜೆ ಮಕ್ಕಳು ಬೀದಿಯಲ್ಲಿ ಆಡುವಾಗಲೂ ಅದೇ ಪದ. ಅವು ಮಲಗಿದ ಮೇಲೆ ಸ್ವಲ್ಪ ಗಂಜಿ ಒಳಗೆ ಹೋಗುತ್ತಿತ್ತು, ಅಷ್ಟೇ. ಸಕ್ಕರೆ ನುಂಗಿಸಿದ್ದಾಯಿತು, ಉಸಿರು ಹಿಡಿಸಿದ್ದಾಯಿತು. ನನ್ನ ಗಂಡ ಬಸ್ ಕಂಡಕ್ಟರು. ಬೆಳಿಗ್ಗೆ ಊರು ಬಿಟ್ಟರೆ ಬಿಕ್ಕಳಿಕೆಯೂ ಇಲ್ಲ ಗೋಳೂ ಇಲ್ಲ. ರಜೆಯ ದಿನ ಹೆದರಿಸಿದರೆ ನಿಲ್ಲುತ್ತದೆಂದು ಬಾಗಿಲ ಹಿಂದೆ ಅಡಗಿ ಸ್ವಂತ ತಾಯಿಯ ಮುಂದೆ ‘ಭೋ’ ಎಂದರು. ಅತ್ತೆ ಹೆದರಲಿಲ್ಲ, ಚೊಂಬು ಎತ್ತಿ ಎಸೆದರು. ಇಂಥ ಮನೆಯಲ್ಲಿ ನಾನು ಯಾರಿಗೆ ಬುದ್ಧಿ ಹೇಳಲಿ?

‘ವಾಪಸ್ ಕೊಟ್ಬಿಡಿ ಅತ್ತೆ’ ಎಂದು ದಿನಾ ಹೇಳಿದೆ. ‘ಪುಟ್ಟಮಾದಪ್ಪನವ್ರಿಗೆ ಹೇಳೋಣ, ಆಗಲ್ಲ ಅಂತ.’

‘ನಂಗೇನಾಗದೆ? ಗಟ್ಟಿಯಾಗಿವ್ನಿ’ ಎನ್ನುವರು. ಅಷ್ಟು ಹೇಳುವುದರೊಳಗೆ ನಡುನಡುವೆ ಬಿಕ್ಕಳಿಸಿ ಎದೆ ಹಿಡಿದುಕೊಳ್ಳುವರು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ರವಿಕೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. ನೋಡಿದರೆ ಅಯ್ಯೋ ಎನಿಸುತ್ತಿತ್ತು, ಮಾತಾಡಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಇವರು ಹೀಗೆ ಹಟ ಮಾಡಿಕೊಂಡೇ ಸಾಯುತ್ತಾರೆ, ಅದೂ ನಾನು ಶಾಲೆಯಲ್ಲಿ ಪಾಠ ಮಾಡುತ್ತಿರುವಾಗ, ನನ್ನ ಮಕ್ಕಳ ಬಾಯಿಂದಲೇ ಎಂದು ನನಗೆ ಭಯವಾಗತೊಡಗಿತು.

ಅಷ್ಟರಲ್ಲಿ ದೊಡ್ಡ ಮನುಷ್ಯರ ಮನೆಗಳಲ್ಲೂ ಗಲಾಟೆ ಎದ್ದಿತ್ತು. ಜವರಪ್ಪನವರು ಗಿರಾಕಿಗಳ ಮುಂದೆ ಗಂಭೀರವಾಗಿ ಭತ್ತದ ದರ ಹೇಳುವುದೂ ಬಿಕ್ಕಳಿಕೆ ಬರುವುದೂ ಒಟ್ಟಿಗೇ ಆಗಿ, ದರ ಎಷ್ಟೆಂದು ಯಾರಿಗೂ ಗೊತ್ತಾಗದೆ ದಿನಾ ಜಗಳ. ಟೈಲರ್ ಹುಡುಗನ ತಾಯಿ ಮಾತ್ರ, ‘ನಮ್ದು ಯಾಕೆ ಮಿಸ್ಸೇ ಬರ್ತಾನೇ ಇಲ್ಲ?’ ಎಂದು ಶಾಲೆಗೆ ಬಂದು ವಿಚಾರಿಸಿಕೊಂಡು ಹೋದಳು.

‘ಆ ಕಪ್ಪೆ ಬಾಯ್ ಮುಚ್ಸಿ ಮಿಸ್’ ಎಂದು ಜವರಪ್ಪನವರು ಅಬ್ಬರಿಸುತ್ತ ಬಂದರು. ಅವತ್ತು ಮೊದಲ ಸಲ ಅವರ ಮಾತು ನನಗೆ ಹಿತವೆನಿಸಿತು. ಒಂದು ಕ್ಷಣವೂ ಯೋಚಿಸದೆ ಟ್ಯಾಬ್‌ಗಳನ್ನೆಲ್ಲ ಬೀರುವಿನೊಳಗಿಟ್ಟು ಬೀಗ ಹಾಕಿದೆ. ಅತ್ತೆಗೆ ಇಷ್ಟವಾದ ಬಸ್ಸಾರು ಮಾಡಿ ಬಡಿಸಬೇಕು ಎಂದುಕೊಂಡು ಮನೆಗೆ ಬಂದರೆ, ಅವರು ಇನ್ನೂ ಬಿಕ್ಕಳಿಸುತ್ತಲೇ ಇದ್ದರು.

ಕಲಿತ ಕಣ್ಣಿಗೆ ಬೀಗ ಹಾಕುವುದು ಹೇಗೆ? ಸೋಪಿನ ಕವರಿನ ಮೇಲೆ ‘ದಿ’, ಬಿಸ್ಕತ್ತಿನ ಪೊಟ್ಟಣದ ಮೇಲೆ ‘ದಿ’, ಅಂಗಡಿಯ ಬೋರ್ಡಿನ ಮೇಲೆ, ಅಪ್ಪನ ಅಂಗಿಯ ಬೆನ್ನಿನ ಮೇಲೆ ‘ದಿ’. ಇಷ್ಟು ದಿನ ಬರಿಯ ಗೀಟುಗಳಾಗಿದ್ದವು ಮಕ್ಕಳಿಗೆ ಈಗ ಪರಿಚಯದ ಮುಖಗಳಾಗಿದ್ದವು, ಕಂಡ ಕೂಡಲೇ ಕೈ ತೋರಿಸಿ ಕೂಗುತ್ತಿದ್ದವು. ಜವರಪ್ಪನವರ ಮೊಮ್ಮಗಳು ಇಂಚರ ತಾತನ ಗಿರಣಿಯಲ್ಲೇ ಅಕ್ಕಿ ಮೂಟೆಯಿಂದ ಮೂಟೆಗೆ ಓಡುತ್ತ ‘ಅಂಡ್! ಅಂಡ್! ಆಫ್!’ ಎಂದು ಓದಿದ್ದಕ್ಕೆ ತಾತ ಎದೆ ಹಿಡಿದುಕೊಂಡು ಕೂತುಬಿಟ್ಟರಂತೆ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೂ ಆಯಿತು. ಎಷ್ಟೋ ವರ್ಷದಿಂದ ಅಕ್ಷರ ತಿದ್ದಿಸಿ ತಿದ್ದಿಸಿ ಸುಸ್ತಾಗಿದ್ದ ನಾನು, ಓದುತ್ತ ಓಡುವ ಮಕ್ಕಳನ್ನು ನೋಡಿದ್ದು ಆಗಲೇ. ಆ ಹೆಮ್ಮೆಯನ್ನು ಮನೆಯೊಳಗೆ ತೆಗೆದುಕೊಂಡು ಹೋಗುವ ಹಾಗಿರಲಿಲ್ಲ. ಬೀರುವಿನಲ್ಲಿಟ್ಟು ಪ್ರಯೋಜನವಿಲ್ಲವೆಂದು ಟ್ಯಾಬ್‌ಗಳು ಮತ್ತೆ ಹೊರಗೆ ಬಂದವು.

ಒಂದು ಮಧ್ಯಾಹ್ನ ಅತ್ತೆ ನೀರನ್ನೂ ನುಂಗಲಾರದೆ ಚೊಂಬು ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಸಾಕಾಗಿಹೋಯಿತು. ಅವರನ್ನು ಕೇಳದೆ ನೇರ ಚಾವಡಿಗೆ ಹೋಗಿ, ‘ಅತ್ತೆ ಹಿಡಿದಿರೋ ಮಾತನ್ನ ನನ್ನ ಹೆಸರಿಗೆ ಬದಲಾಯಿಸಿ’ ಎಂದೆ ಪುಟ್ಟಮಾದಪ್ಪನವರಿಗೆ.

‘ಒಂದೇ ಮನೇಲಿ ಹಂಗೆಲ್ಲ ಬದ್ಲಾಯ್ಸಕ್ಕಾಗದಿಲ್ಲ ಕಣವ್ವ. ಹಿರೀರು ಇರೋಗಂಟ ಹಿರೀರದೇ’ ಎಂದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ‘ಅದೂ ಅಲ್ದೆ, ನಿನ್ ಮ್ಯಾಲೆ ಬೀಳಬಾರ್ದು ಅಂತಲೇ ಅಲ್ವಾ ಆಯಮ್ಮ ಹಿಡ್ದಿದ್ದು? ಈಗ ನೀನೇ ಬಂದು ಕೇಳ್ತೀಯಲ್ಲ’ ಎಂದರು.

‘ನನ್ನ ಮೇಲಾ?’

‘ನಿಂಗೊತ್ತಿಲ್ವಾ? ಯಾರೂ ಹಿಡೀದೆ ಉಳ್ದ ಮಾತು ತಂದೋರ ಮ್ಯಾಲೇ ಬೀಳ್ತದೆ. ಕಪ್ಪೆ ತಂದೋಳು ನೀನು. ಮುಂದಿನ ಅಮಾಸೆಗೆ ನಿನ್ ಗಂಟ್ಲಿಗೇ ಬರೋದು. ಊರಿನ ಹಿರೀರಿಗೆಲ್ಲ ಗೊತ್ತಿರೋದೇ. ಅದ್ಕೇ ಅವತ್ತು ಎಲ್ರೂ ತಲೆ ತಗ್ಗಿಸ್ಕೊಂಡು ಕೂತಿದ್ರು.’

ಆ ಎಲ್ಲ ತಗ್ಗಿದ ತಲೆಗಳೂ ನನ್ನ ಕಣ್ಣ ಮುಂದೆ ಬಂದವು. ಅವುಗಳ ನಡುವೆ ಮಂಡಿಯ ಮೇಲೆ ಕೈಯೂರಿಕೊಂಡು ಎದ್ದು ಬಂದ ಒಂದೇ ಒಂದು ಜೀವವೂ. ಎದೆ ತುಂಬಿ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಬಂದದ್ದೂ ಹೌದು, ಆದರೆ ಅದಕ್ಕಿಂತ ಮೊದಲು ಬಂದದ್ದು ಕೆಟ್ಟ ಕೋಪ. ಬಿರಬಿರನೆ ಮನೆಗೆ ಹೋಗಿ ಅತ್ತೆಯ ಹಾಸಿಗೆಯ ಮುಂದೆ ನಿಂತು ಕಿರುಚಿದೆ.

‘ಯಾಕೆ ಹೇಳಲಿಲ್ಲ ನನಗೆ? ಆಸೆಗೆ ಹಿಡಿದ್ರಿ ಅಂದ್ಕೊಂಡು ದಿನಾ ಬೈಕೊಂಡ್ನಲ್ಲ ನಾನು! ಒಂದು ಮಾತು ಹೇಳೋಕೆ ಏನಾಗಿತ್ತು?’

‘ಹೇಳಿದ್ರೆ ನೀನು ಬುಡ್ತಿದ್ದಾ ಹಿಡ್ಯಕೆ?’ ಎಂದರು ಅತ್ತೆ, ಗೋಡೆಯ ಕಡೆಗೇ ಮುಖ ಇಟ್ಟುಕೊಂಡು. ‘ಪಾಠ ಮಾಡೋಳು ನೀನು. ಮಾತ್ಮಾತ್ಗೂ ಬಿಕ್ಕಳಿಸ್ತಾ ನಿಂತ್ರೆ ಆ ಐಕ್ಳು ನಗಾಡಲ್ವಾ? ನಾನೇನು, ಕೂತಿರೋಳು. ಎಲ್ಲಿ ಬಿಕ್ಕಳಿಸಿದ್ರೇನು.’ ಆಮೇಲೆ ಹೊದಿಕೆ ಎಳೆದುಕೊಂಡು, ‘ಆಸೆನೂ ಇತ್ತು ಅನ್ಕೊ’ ಎಂದರು.

ಇವರ ಜೊತೆ ಜಗಳವಾಡುವುದಾದರೂ ಹೇಗೆ ಹೇಳಿ. ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅಡುಗೆಮನೆಯಿಂದ ಒಂದು ಅಚ್ಚು ಬೆಲ್ಲ ತಟ್ಟೆಯಲ್ಲಿಟ್ಟುಕೊಂಡು ಮನೆ ಮನೆಗೆ ಹೊರಟೆ. ಮೊಬೈಲಿಗೆ ಮಾಡಿದ ಹಾಗೆ, ಮಕ್ಕಳಿರುವ ಮನೆಯವರೆಲ್ಲ ಒಂದೊಂದು ಚೂರು ಹಿಡಿದರೆ ಅತ್ತೆಯ ಭಾರ ಇಳಿಯುತ್ತಿತ್ತು. ಮಗಳು ಇಂಗ್ಲಿಷ್ ಓದುತ್ತಾಳೆಂದು ಬೀದಿಗೆಲ್ಲ ಕೇಳುವಂತೆ ಹೇಳಿಕೊಳ್ಳುವ ತಾಯಿಗೆ ಅವತ್ತು ಹಲ್ಲುನೋವು. ಒಬ್ಬರಿಗೆ ಸಕ್ಕರೆ ಕಾಯಿಲೆ, ಬೆಲ್ಲ ಆಗದು. ಇನ್ನೊಬ್ಬರ ಮನೆಯ ಹಿರಿಯರು ಮಲಗಿದ್ದಾರೆ, ಎಬ್ಬಿಸಿದರೆ ಬೈತಾರೆ. ‘ಫೋನ್ ಆದ್ರೆ ಕೈಲಿರ್ತದೆ ಮಿಸ್, ಇದೇನು ಕೈಗೆ ಸಿಗ್ತದಾ ಕಣ್ಗೆ ಕಾಣ್ತದಾ, ಯಾತಕ್ಕೆ ಅಂತ ಬೆಲ್ಲ ಹಿಡಿಯೋದು?’ ಎಂದರು ಮತ್ತೊಬ್ಬರು. ಜವರಪ್ಪನವರು ಆಗಲೇ ಎರಡು ಹಿಡಿದಾಗಿದೆ ಎಂದು ಬಿಕ್ಕಳಿಸುತ್ತ ಎರಡು ಬೆರಳು ತೋರಿಸಿ ಬಾಗಿಲು ಹಾಕಿಕೊಂಡರು. ಟೈಲರ್ ಹುಡುಗನ ತಾಯಿ ಒಂದು ಚೂರು ಕೇಳಿ ಹಿಡಿದುಕೊಂಡಳು. ಅವಳ ಹೊಟ್ಟೆ ತಣ್ಣಗಿರಲಿ. ಉಳಿದ ಬೆಲ್ಲಕ್ಕೆ ಇರುವೆ ಮುತ್ತಿತು.

ಮರುದಿನ ಶಾಲೆಯಲ್ಲಿ ಕಪ್ಪೆ ಬಾಯಿ ತೆರೆದು ‘ದಿ’ ಎಂದಾಗ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಒಂದೊಂದೇ ಟ್ಯಾಬ್ ಕಿತ್ತುಕೊಂಡು ಎಲ್ಲ ಕಪ್ಪೆಗಳ ಸದ್ದನ್ನೂ ಅಡಗಿಸಿದೆ. ‘ನೀವು ಅದನ್ನ ಹೇಳಿದಾಗೆಲ್ಲ ನಮ್ಮನೇಲಿ ಒಂದು ಮುದುಕಿ ಅನ್ನ ನುಂಗೋಕಾಗದೆ ಒದ್ದಾಡ್ತಿದೆ, ಗೊತ್ತೇನ್ರೋ ನಿಮಗೆ?’ ಎಂದು ಕೂಗಿ, ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ. ಮಿಸ್ ಅಳುವುದನ್ನು ಮಕ್ಕಳು ಎಂದೂ ನೋಡಿರಲಿಲ್ಲ. ಎಲ್ಲವೂ ಮಿಕಿಮಿಕಿ ನೋಡುತ್ತ ಕೂತವು.

‘ಅಜ್ಜಿ ಯಾವಾಗ ಊಟ ಮಾಡ್ತಾರೆ ಮಿಸ್?’ ಎಂದಳು ಇಂಚರ.

‘ಯಾವಾಗ ಆದ್ರೆ ಆವಾಗ! ಎಲ್ಲಿ ಬಿಡ್ತೀರಿ ನೀವು?’

ಅವಳು ತನ್ನ ಟ್ಯಾಬಿನ ಕಡೆ ತಿರುಗಿದಳು. ಪರದೆಯ ಮೇಲೆ ಬೆಕ್ಕಿನ ಚಿತ್ರ, ಕೆಳಗೆ ಒಂದು ಸಾಲು. ಇಂಚರ ಮೊದಲನೆಯ ಪದವನ್ನು ನೋಡಿದಳು, ಬಾಯಿ ಬಿಡಲಿಲ್ಲ, ದಾರಿಯಲ್ಲಿ ಸಿಕ್ಕ ಗುರುತಿನವರಿಗೆ ಮಾಡುವ ಹಾಗೆ ಒಮ್ಮೆ ತಲೆಯಾಡಿಸಿದಳು. ಆಮೇಲೆ ‘ಕ್ಯಾಟ್ ಈಸ್ ಆನ್’ ಎಂದಳು. ಮತ್ತೆ ನಿಂತಳು, ನೋಡಿದಳು, ತಲೆಯಾಡಿಸಿದಳು. ‘ಮ್ಯಾಟ್’ ಎಂದು ಮುಗಿಸಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಮಧ್ಯಾಹ್ನದೊಳಗೆ ಇಡೀ ತರಗತಿ ತಲೆಯಾಡಿಸುತ್ತಿತ್ತು. ಸಂಜೆಯೊಳಗೆ ಅದು ಬೀದಿಯ ಆಟವಾಯಿತು. ‘ಅಜ್ಜಿ ಊಟ’ ಎಂದು ಅದರ ಹೆಸರು. ಯಾರ ಬಾಯಿಂದ ಆ ಪದ ಬಿತ್ತೋ ಅವರು ಔಟು. ಆಟದ ನಿಯಮದಲ್ಲಿ ಮಕ್ಕಳಷ್ಟು ನಿಷ್ಠುರರು ಬೇರೆ ಯಾರೂ ಇಲ್ಲ. ಚಾವಡಿಯ ಕಟ್ಟುನಿಟ್ಟೆಲ್ಲ ಇವುಗಳ ಮುಂದೆ ಯಾವ ಲೆಕ್ಕ! ಸೋಪಿನ ಕವರಿಗೆ ತಲೆಯಾಡಿಸಿದವು, ಅಂಗಡಿಯ ಬೋರ್ಡಿಗೆ ತಲೆಯಾಡಿಸಿದವು. ಜವರಪ್ಪನವರು ಮೊಮ್ಮಗಳನ್ನು ಕರೆದು, ‘ನಂದಕ್ಕೂ ಹಂಗೇ ತಲೆ ಆಡ್ಸು ಮಗ’ ಎಂದು ಗೋಗರೆದರಂತೆ. ‘ನೀವು ಚೆನ್ನಾಗಿ ಊಟ ಮಾಡ್ತಿದ್ದೀರಲ್ಲ ತಾತ’ ಎಂದು ಅವಳು ಓಡಿಹೋದಳಂತೆ.

ಆದರೆ ಕಪ್ಪೆಗೆ ಕೇಳಿಸಬೇಕಲ್ಲ. ಒಂದು ಪದ ಕೇಳಿಸದಿದ್ದರೂ ಸಾಲು ಪೂರ್ತಿ ತಪ್ಪೆನ್ನುವ ಕಪ್ಪೆ ಎಲೆಯ ಮೇಲೆ ಮುಖ ಊದಿಸಿಕೊಂಡು ಕೂತಿತು, ಎಲ್ಲ ಮಕ್ಕಳ ಅಂಕವೂ ಸೊನ್ನೆಗೆ ಇಳಿಯಿತು. ಆ ಸೊನ್ನೆಗಳು ತಮ್ಮಷ್ಟಕ್ಕೆ ತಾವೇ ಪಟ್ಟಣದ ಟ್ರಸ್ಟಿಗೆ ಹೋಗಿ ಮುಟ್ಟುತ್ತವೆಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ಮೇಡಂ ಕಾರಿನಲ್ಲಿ ಬಂದಿಳಿದರು. ಇಂಚರಳನ್ನು ಎದುರಿಗೆ ಕೂರಿಸಿಕೊಂಡು ಪುಸ್ತಕ ಓದಿಸಿದರು. ಅವಳು ಬೇಕಾದಲ್ಲೆಲ್ಲ ತಲೆಯಾಡಿಸುತ್ತ ಒಂದು ಪುಟ ಪೂರ್ತಿ ಓದಿದಳು.

‘ಅತಿ ಮುಖ್ಯವಾದ ಪದವನ್ನೇ ಬಿಡ್ತಿದ್ದಾಳಲ್ರೀ’ ಎಂದರು ಮೇಡಂ.

‘ಬಿಟ್ಟಿಲ್ಲ ಮೇಡಂ, ನೋಡಿದಳು. ಕಂಡ ಕೂಡಲೇ ಗುರುತು ಹಿಡೀಬೇಕು ಅಂತ ನೀವೇ ಹೇಳಿದ್ರಿ.’

‘ಗುರುತು ಹಿಡಿದರೆ ಸಾಕಾ? ಬಾಯಲ್ಲಿ ಹೇಳಬೇಡವಾ? ಹೇಳು ಪುಟ್ಟಿ, ಇದೇನು?’

‘ಅಜ್ಜಿ ಊಟ ಮಾಡ್ತಿದ್ದಾರೆ’ ಎಂದಳು ಇಂಚರ.

ಈ ಊರಿನ ವಿಷಯವನ್ನು ಹೊರಗಿನವರಿಗೆ ವಿವರಿಸಲು ಹೋಗಿ ಗೆದ್ದವರಿಲ್ಲ. ನಾನೂ ಸೋತೆ. ಮೇಡಂ ನನ್ನ ಕಡೆ ಮರುಕದಿಂದ ನೋಡಿ, ಶಿಕ್ಷಕಿಗೆ ಆಸಕ್ತಿಯಿಲ್ಲ ಎಂದು ಫೋನಿನಲ್ಲಿ ಯಾರಿಗೋ ಹೇಳಿ, ಟ್ಯಾಬ್‌ಗಳನ್ನೆಲ್ಲ ಡಬ್ಬಕ್ಕೆ ತುಂಬಿಕೊಂಡು ಮುಂದಿನ ಊರಿಗೆ ಹೋದರು. ಆಸಕ್ತಿಯಿಲ್ಲದವಳು ಎನ್ನಿಸಿಕೊಂಡು ನನಗೆ ಅವಮಾನವಾಯಿತು, ಕಾರಿನ ಧೂಳು ಇಳಿಯುವವರೆಗೂ ಗೇಟಿನ ಬಳಿ ನಿಂತಿದ್ದೆ. ಮಕ್ಕಳು ಮಾತ್ರ ಕಪ್ಪೆಯನ್ನು ಕೂಡಲೇ ಮರೆತು, ಕಾರಿನ ಹಿಂದೆ ಬರೆದಿದ್ದನ್ನು ಓದಿ ತಲೆಯಾಡಿಸುತ್ತ ಬಂದವು.

ಮನೆಗೆ ಬಂದರೆ ಅತ್ತೆಯ ತಟ್ಟೆ ಖಾಲಿಯಾಗಿತ್ತು. ಮುದ್ದೆ, ಸಾರು, ಆಮೇಲೆ ಮಜ್ಜಿಗೆ ಅನ್ನ, ಎಲ್ಲವನ್ನೂ ಉಂಡು ಬೆರಳು ನೆಕ್ಕಿಕೊಂಡು ಜಗಲಿಯ ಮೇಲೆ ಕೂತಿದ್ದರು. ಕೆಲವು ದಿನಗಳಲ್ಲಿ ಕೆನ್ನೆ ತುಂಬಿಕೊಂಡಿತ್ತು, ಬಳೆ ತನ್ನ ಜಾಗದಲ್ಲಿ ನಿಂತಿತ್ತು. ಇನ್ನಾದರೂ ಈ ಮನೆಯಲ್ಲಿ ನೆಮ್ಮದಿ ಇರುತ್ತದೆಂದು ನಾನು ಚೀಲ ಕೆಳಗಿಟ್ಟೆನೋ ಇಲ್ಲವೋ, ಅತ್ತೆ ಶುರು ಮಾಡಿದರು.

‘ಐಕ್ಳು ಇಸ್ಕೂಲ್ಗೆ ಬರ್ತಾವಾ ಇಲ್ವಾ? ಇವತ್ತೂ ಒಂದೂ ಬರ್ನಿಲ್ಲ ನಂಗೆ. ಅಷ್ಟು ದೊಡ್ ಮಾತು ಹಿಡ್ದೂ ಅದೇ ಗತಿ.’

ಅತ್ತರೂ ತಪ್ಪು, ನಕ್ಕರೂ ತಪ್ಪು ಎನ್ನುವ ಹಾಗೆ ಅವರ ಪಕ್ಕದಲ್ಲೇ ಕೂತೆ. ಕತ್ತಲಾಗುತ್ತಿತ್ತು. ಎದ್ದು ಒಳಗೆ ಹೋಗಿ ದೀಪದ ಸ್ವಿಚ್ಚು ಹಾಕಿದರೆ ಕರೆಂಟಿರಲಿಲ್ಲ. ತೊಲೆಗೆ ನೇತುಹಾಕಿದ್ದ, ಗಾಜಿನ ಮೇಲೆ ಧೂಳು ಕೂತ ಆ ಹಳೆಯ ವಸ್ತು ಕಣ್ಣಿಗೆ ಬಿತ್ತು. ಈ ಮನೆಗೆ ಬಂದು ಇಷ್ಟು ವರ್ಷವಾಗಿದ್ದರೂ ಅದರ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ.

‘ಅತ್ತೆ’ ಎಂದೆ ಹೊಸ್ತಿಲಲ್ಲಿ ನಿಂತು. ‘ಲಾಂದ್ರ ಹಚ್ಚಲಾ?’

ಅತ್ತೆ ಬಿಕ್ಕಳಿಸಿದರು. ಕೈ ಎದೆಯ ಮೇಲೆ ಹೋಗಿ ಹಾಗೇ ನಿಂತಿತು.

‘ಎಣ್ಣೆ ಇಲ್ಲ ಅದ್ರಲ್ಲಿ’ ಎಂದರು, ನನ್ನ ಕಡೆ ತಿರುಗದೆ.

‘ಯಾವುದರಲ್ಲಿ ಅತ್ತೆ? ಲಾಂದ್ರದಲ್ಲಾ?’

ಇನ್ನೊಂದು ಬಿಕ್ಕಳಿಕೆ. ‘ಒಂದ್ಸಲ ಹೇಳಿದ್ರೆ ತಿಳಿಯಾಕಿಲ್ವಾ ನಿಂಗೆ?’

‘ಸರಿಯಾಗಿ ಕೇಳಿಸಲಿಲ್ಲ ಅತ್ತೆ. ಏನಂದ್ರಿ, ಲಾಂದ್ರವಾ?’

ಅತ್ತೆ ಮತ್ತೊಮ್ಮೆ ಬಿಕ್ಕಳಿಸಿ, ಕಾಲು ಚಾಚಿ ಗೋಡೆಗೆ ಒರಗಿಕೊಂಡು, ನಮ್ಮ ಸೊಸೆಗೆ ಕಿವಿ ಕೇಳಿಸುವುದಿಲ್ಲವೆಂದು ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದರು.